‘ರಮ್ ಕಸ್ಟಮರ್’ ಅಂದರೆ ರಮ್ ಕೊಳ್ಳಲು ಬಂದವನಲ್ಲ; ಹಾಗಾದರೆ ಕನ್ನಡದಲ್ಲಿ ಏನು?

ಕರಡುಪ್ರತಿ:

ಇಂಗ್ಲಿಷಿನ ‘ರಮ್’ ಎಂಬ ಪದದ ಬಗ್ಗೆ ತಿಳಿದವರು ಹೇಳಬೇಕು. ಕುಡಿಯುವ ರಮ್ ಅಲ್ಲ, ವಿಶೇಷಣವಾಗಿ ಬರುವ ರಮ್. ಸುಮಾರು ನೂರು ವರ್ಷದ ಹಿಂದಿನ ಇಂಗ್ಲೆಂಡಿನಲ್ಲಿ ನಡೆಯುವ ಒಂದು ಪತ್ತೇದಾರಿ ಕಥೆಯನ್ನು ಕನ್ನಡಕ್ಕೆ ತರುವ ಕೆಲಸ. ಪುಟಕ್ಕೊಂದು ಸಲವಾದರೂ ಈ ಪದ ಎದುರಾಗುತ್ತದೆ. ಯಂತ್ರಾನುವಾದ ‘ರಮ್ ಗ್ರಾಹಕ’, ‘ರಮ್ ವ್ಯವಹಾರ’ ಎಂದು ಕೊಟ್ಟು ಪಾತ್ರಗಳನ್ನೆಲ್ಲ ಸಾರಾಯಿ ಅಂಗಡಿಗೆ ಕಳಿಸಿಬಿಟ್ಟಿದೆ. ನಿಘಂಟು ನೋಡಿದರೆ ‘ವಿಚಿತ್ರ’ ಎಂದಷ್ಟೇ ಇದೆ. ಎಲ್ಲ ಕಡೆ ‘ವಿಚಿತ್ರ’ ಹಾಕಿದರೆ ಓದುವಾಗ ಸಪ್ಪೆಯಾಗುತ್ತದೆ.

ತೊಡಕಾಗಿರುವ ಸಾಲುಗಳು ಇವು:

1. ‘ಹಿ ಈಸ್ ಎ ರಮ್ ಕಸ್ಟಮರ್, ದಟ್ ಲಾಡ್ಜರ್ ಆಫ್ ಯುವರ್ಸ್.’
2. ‘ಇಟ್ಸ್ ಆಲ್ ವೆರಿ ರಮ್.’
3. ‘ಐ ಫೆಲ್ಟ್ ಎ ಬಿಟ್ ರಮ್ ಆಫ್ಟರ್ ಸಪ್ಪರ್.’
4. ‘ರಮ್ಮಿ ಥಿಂಗ್ ಈಸ್, ದ ಡೋರ್ ವಾಸ್ ಲಾಕ್ಡ್ ಫ್ರಮ್ ಇನ್‌ಸೈಡ್.’

ನಾಲ್ಕರಲ್ಲೂ ಒಂದೇ ಅರ್ಥವೇ? ಕುಡಿಯುವ ರಮ್ಮಿಗೂ ಇದಕ್ಕೂ ಏನಾದರೂ ನಂಟಿದೆಯೇ? ರಮ್ಮಿ ಅಂದರೆ ಇಸ್ಪೀಟಾಟ ಅಲ್ಲವೇ?

—

ಪದಶೋಧ:

ನಾಲ್ಕಕ್ಕೂ ಬೇರು ಒಂದೇ, ಬಣ್ಣ ಬೇರೆಬೇರೆ.

ಮೊದಲು ಕುಡಿಯುವ ರಮ್ಮನ್ನು ಬೇರೆ ಮಾಡುವ ಬಗೆ. ಪದದ ಹಿಂದೆ ‘ವೆರಿ’, ‘ರಾದರ್’, ‘ಪ್ರಿಟಿ’ ಇಟ್ಟು ನೋಡಿ. ‘ಎ ವೆರಿ ರಮ್ ಬಿಸಿನೆಸ್’ ಸರಿಯಾಗಿ ನಿಲ್ಲುತ್ತದೆ, ಹಾಗಾಗಿ ಅದು ವಿಶೇಷಣ. ‘ಎ ವೆರಿ ರಮ್ ರೇಷನ್’ ನಿಲ್ಲುವುದಿಲ್ಲ. ಅದು ನೌಕಾಪಡೆಯವರಿಗೆ ದಿನವೂ ಅಳೆದುಕೊಡುತ್ತಿದ್ದ ಮದ್ಯ. ‘ರಮ್ ಪಂಚ್’, ‘ರಮ್ ರನ್ನರ್’ ಕೂಡ ಮದ್ಯದ ಕಡೆಯವೇ. ಇನ್ನೊಂದು ಗುರುತು ‘ರಮ್ ಸಾರ್ಟ್ ಆಫ್’ ಎಂಬ ಜೋಡಣೆ. ‘ಎ ರಮ್ ಸಾರ್ಟ್ ಆಫ್ ಬಾಟಲ್’ ಅಂದರೆ ಬಾಟಲಿಯ ಆಕಾರವೋ ಬಣ್ಣವೋ ಏನೋ ಒಂದು ನಮೂನೆ. ಅದರೊಳಗೆ ಹಾಲೇ ಇರಬಹುದು.

ಈಗ ನಿಮ್ಮ ಸಾಲುಗಳು. ಮೊದಲನೆಯದರಲ್ಲಿ ಕಸ್ಟಮರ್ ಎಂದರೆ ಕೊಳ್ಳುವವನಲ್ಲ, ‘ಆಸಾಮಿ’. ಬರೀ ವಿಚಿತ್ರ ವ್ಯಕ್ತಿ ಎಂದರೆ ಸಾಲದು. ಇವನನ್ನು ಕೆಣಕಿದರೆ ಏನಾಗುತ್ತದೋ ಹೇಳಲಾಗದು ಎಂಬ ಎಚ್ಚರವೂ ಆ ಜೋಡಿಪದದಲ್ಲಿ ಇದೆ. ಎರಡನೆಯದು ಒಟ್ಟು ಸನ್ನಿವೇಶದ ಮೇಲಿನ ಅನುಮಾನ. ಲೆಕ್ಕ ತಾಳೆಯಾಗುತ್ತಿಲ್ಲ, ಎಲ್ಲೋ ಹುಳುಕಿದೆ, ಆದರೆ ಬೆರಳಿಟ್ಟು ತೋರಿಸಲಾಗುತ್ತಿಲ್ಲ. ಮೂರನೆಯದು ಮೈ ಸರಿಯಿಲ್ಲದ ಮಾತು. ಅಲ್ಲಿ ‘ವಿಚಿತ್ರ’ ಹಾಕಿದರೆ ತಪ್ಪೇ ಆಗುತ್ತದೆ: ‘ಊಟವಾದ ಮೇಲೆ ವಿಚಿತ್ರವೆನಿಸಿತು’ ಅಂದರೆ ಓದುಗ ದೆವ್ವವನ್ನು ನಿರೀಕ್ಷಿಸುತ್ತಾನೆ. ‘ಊಟವಾದ ಮೇಲೆ ಯಾಕೋ ಒಂಥರಾ ಆಯ್ತು’ ಅನ್ನಿ, ಹೊಟ್ಟೆ ತೊಳೆಸಿದ್ದು ತಾನಾಗಿ ತಿಳಿಯುತ್ತದೆ.

ನಾಲ್ಕನೆಯದರ ‘ರಮ್ಮಿ’ ಇದೇ ರಮ್ಮಿನ ಉದ್ದನೆಯ ರೂಪ, 19ನೇ ಶತಮಾನದಲ್ಲಿ ಬಂದದ್ದು. ತುಸು ಹಗುರ, ತುಸು ಹುಡುಗಾಟದ ದನಿ. ದುಡ್ಡಿದ್ದು ಕೆಲಸವಿಲ್ಲದ ಇಂಗ್ಲಿಷ್ ತರುಣರ ಬಾಯಲ್ಲಿ ಹೆಚ್ಚು. ಇಸ್ಪೀಟಿನ ರಮ್ಮಿ 20ನೇ ಶತಮಾನದ ಆರಂಭದ ಹೆಸರು, ಅದರ ಮೂಲ ಖಚಿತವಿಲ್ಲ. ಅಮೆರಿಕದ ಬರಹದಲ್ಲಿ ‘ಎ ರಮ್ಮಿ’ ಎಂದು ನಾಮಪದವಾಗಿ ಬಂದರೆ ಮಾತ್ರ ಕುಡುಕ. ಅದು ಮದ್ಯದಿಂದಲೇ ಹುಟ್ಟಿದ ಪದ. ಹೀಗಾಗಿ ಮಾತಾಡುವವನು ಯಾವ ದೇಶದವನು ಎಂದು ನೋಡಿಕೊಳ್ಳದೆ ಈ ಪದಕ್ಕೆ ಕೈಹಾಕಬಾರದು. ವಿಶೇಷಣದ ರಮ್ ಬ್ರಿಟಿಷರ ಸೊತ್ತು. ಅಮೆರಿಕನ್ ಪಾತ್ರದ ಬಾಯಲ್ಲಿ ಬಂದರೆ ಅವನು ಬ್ರಿಟಿಷರನ್ನು ಅಣಕಿಸುತ್ತಿರಬಹುದು.

ಒಂದು ಸಣ್ಣ ಗುಂಡಿ: ‘ರಮ್ಮರ್’ ಎಂದು ಕಂಡರೆ ‘ಹೆಚ್ಚು ವಿಚಿತ್ರ’ ಎಂದು ಹಾರಬೇಡಿ. ಆ ಹೆಸರಿನ ದೊಡ್ಡ ಗಾಜಿನ ಲೋಟ ಇದೆ, ಡಚ್ ಭಾಷೆಯಿಂದ ಬಂದ ಪದ. ‘ಫಿಲ್ಡ್ ಹಿಸ್ ರಮ್ಮರ್’ ಅಂದರೆ ಲೋಟ ತುಂಬಿಸಿಕೊಂಡ, ಅಷ್ಟೇ.

—

ಹಳೇನಿಘಂಟು:

ಮದ್ಯದ ನಂಟಿನ ಪ್ರಶ್ನೆಗೆ ಕಾಲವೇ ಉತ್ತರ ಕೊಡುತ್ತದೆ. ವಿಶೇಷಣದ ರಮ್ 1560ರ ದಶಕದಲ್ಲೇ ಅಚ್ಚಾಗಿದೆ. ಮದ್ಯಕ್ಕೆ ಆ ಹೆಸರು ಸಿಗುವುದು 1650ರ ಹೊತ್ತಿಗೆ, ಕೆರಿಬಿಯನ್ ದ್ವೀಪಗಳ ಕಬ್ಬಿನ ತೋಟಗಳಲ್ಲಿ. ‘ರಂಬುಲಿಯನ್’ ಎಂಬ ಹೆಸರನ್ನು ಕತ್ತರಿಸಿದ್ದು ಎಂಬುದು ಹೆಚ್ಚಿನವರು ಒಪ್ಪುವ ಮಾತು. ಎಂಬತ್ತು ತೊಂಬತ್ತು ವರ್ಷ ಮೊದಲೇ ಇದ್ದ ಪದ ಆಮೇಲೆ ಬಂದ ಮದ್ಯದಿಂದ ಹುಟ್ಟುವುದು ಹೇಗೆ?

ಇದಕ್ಕಿಂತ ಸ್ವಾರಸ್ಯ ಬೇರೆ ಇದೆ. ಈ ಪದದ ಮೊದಲ ಅರ್ಥ ವಿಚಿತ್ರ ಅಲ್ಲವೇ ಅಲ್ಲ. ‘ಒಳ್ಳೆಯದು, ಉತ್ತಮ, ಬೆಲೆಬಾಳುವುದು’ ಎಂಬುದೇ ಮೊದಲ ಅರ್ಥ. ಅದು ಇಂಗ್ಲೆಂಡಿನ ಕಳ್ಳರ, ಅಲೆಮಾರಿ ಭಿಕ್ಷುಕರ ಗುಟ್ಟುಮಾತು. ಥಾಮಸ್ ಹಾರ್ಮನ್ ಎಂಬುವನು 1560ರ ದಶಕದಲ್ಲಿ ಈ ಗುಟ್ಟುಮಾತಿನ ಪಟ್ಟಿ ಅಚ್ಚು ಹಾಕಿಸಿದ. ಅದರಲ್ಲಿ ‘ರೋಮ್‌ವಿಲ್’ ಅಂದರೆ ಲಂಡನ್, ‘ರೋಮ್‌ಬೌಸ್’ ಅಂದರೆ ದ್ರಾಕ್ಷಾರಸ. ಇದಕ್ಕೆ ಎದುರುಪದ ಯಾವುದು ಗೊತ್ತೇ? ‘ಕ್ವಿಯರ್’. ಕಳ್ಳರ ಬಾಯಲ್ಲಿ ರಮ್ ಅಂದರೆ ಒಳ್ಳೆ ಮಾಲು, ಕ್ವಿಯರ್ ಅಂದರೆ ಕೆಟ್ಟ ಮಾಲು, ಖೋಟಾ ಮಾಲು. ಮುಂದೆ ಎದುರುಬದುರು ನಿಂತಿದ್ದ ಎರಡೂ ಪದಗಳು ‘ವಿಚಿತ್ರ’ ಎಂಬ ಒಂದೇ ಮನೆಗೆ ಬಂದು ಸೇರಿದವು.

ತಿರುವು ಆದದ್ದು 18ನೇ ಶತಮಾನದ ಕೊನೆಯ ಭಾಗದಲ್ಲಿ. ಫ್ರಾನ್ಸಿಸ್ ಗ್ರೋಸ್ 1785ರಲ್ಲಿ ಹೊರತಂದ ಬೀದಿಮಾತಿನ ನಿಘಂಟಿನಲ್ಲಿ ‘ರಮ್ ನ್ಯಾಬ್’ ಅಂದರೆ ಒಳ್ಳೆ ಟೋಪಿ, ‘ರಮ್ ಪ್ರಾನ್ಸರ್’ ಅಂದರೆ ಚೆಂದದ ಕುದುರೆ. ‘ರಮ್ ಕಲ್’ ಅಂದರೆ ಸುಲಭಕ್ಕೆ ಟೋಪಿ ಹಾಕಿಸಿಕೊಳ್ಳುವ ಹಣವಂತ ಬೆಪ್ಪ. ಕಳ್ಳನ ಕಣ್ಣಿಗೆ ಅವನಿಗಿಂತ ಒಳ್ಳೆಯವನು ಯಾರು! ಅದೇ ನಿಘಂಟಿನ ‘ರಮ್ ಡ್ಯೂಕ್’ ಎಂಬ ಪದ ನೋಡಿ: ‘ಲವಲವಿಕೆಯ ಚೆಲುವ’ ಎಂಬ ಅರ್ಥದ ಪಕ್ಕದಲ್ಲೇ ‘ವಿಲಕ್ಷಣ ಮನುಷ್ಯ’ ಎಂಬ ಅರ್ಥವೂ ಇದೆ. ಹಳೆಯದೂ ಹೊಸದೂ ಒಂದೇ ಸಾಲಿನಲ್ಲಿ.

ಯಾಕೆ ಹೀಗಾಯಿತು ಎಂಬುದಕ್ಕೆ ಒಪ್ಪುವಂತಹ ವಿವರಣೆ ಇಷ್ಟು: ಕಳ್ಳರು ತಮ್ಮವರನ್ನು ಹೊಗಳಲು ಬಳಸುತ್ತಿದ್ದ ಪದ ಹೊರಗಿನವರ ಕಿವಿಗೆ ಬಿತ್ತು. ಇವರು ಯಾರನ್ನು ‘ರಮ್’ ಅನ್ನುತ್ತಾರೋ ಅವನು ನೆಟ್ಟಗಿರುವ ಮನುಷ್ಯನಾಗಿರಲಾರ ಎಂದು ಹೊರಗಿನವರು ಅರ್ಥಮಾಡಿಕೊಂಡರು. 1800ರ ನಂತರ ಹಳೆಯ ಅರ್ಥ ಸವೆದು ಹೊಸದೇ ಉಳಿಯಿತು. ಹಾಗಾಗಿ 1700ರ ಆಸುಪಾಸಿನ ಪಠ್ಯದಲ್ಲಿ ರಮ್ ಸಿಕ್ಕರೆ ‘ವಿಚಿತ್ರ’ ಹಾಕಬೇಡಿ, ಅರ್ಥ ತಿರುಗುಮುರುಗಾಗುತ್ತದೆ. ನಿಮ್ಮ ಕಥೆಗೆ ಆ ಅಪಾಯವಿಲ್ಲ.

ಕಳ್ಳರಿಗೆ ಈ ಪದ ಎಲ್ಲಿಂದ ಸಿಕ್ಕಿತು ಎಂಬುದಕ್ಕೆ ಎರಡು ಊಹೆಗಳಿವೆ: ರೋಮ್ ನಗರದ ಹೆಸರು, ಇಲ್ಲವೇ ರೋಮಾನಿ ಅಲೆಮಾರಿಗಳ ಭಾಷೆಯಲ್ಲಿ ಗಂಡಸು, ಗಂಡ ಎಂಬ ಅರ್ಥದ ‘ರೋಮ್’. ಎರಡನೆಯದು ನಿಜವಾದರೆ ಒಂದು ಮೋಜಿದೆ. ಆ ರೋಮಾನಿ ಪದವನ್ನು ವಿದ್ವಾಂಸರು ಸಂಸ್ಕೃತದ ‘ಡೋಂಬ’ಕ್ಕೆ ಒಯ್ಯುತ್ತಾರೆ, ನಮ್ಮ ‘ಡೊಂಬರಾಟ’ದಲ್ಲಿ ಇರುವುದೂ ಅದೇ. ಊಹೆಯ ಮೇಲೆ ಊಹೆ ಇದು, ಅಡಿಟಿಪ್ಪಣಿಯಲ್ಲಿ ಸತ್ಯವೆಂದು ಬರೆದುಬಿಡಬೇಡಿ.

—

ಮಾತಿನಮಲ್ಲಿ:

ಮೇಲಿನವರು ‘ಒಳ್ಳೆಯದು’ ತಿರುಗಿ ‘ವಿಚಿತ್ರ’ ಆಯಿತು ಎಂದು ಬೆರಗಿನಿಂದ ಹೇಳಿದ್ದಾರೆ. ಕನ್ನಡದಲ್ಲಿ ಅದೇ ತಿರುವು ದಿನಕ್ಕೆ ಹತ್ತು ಸಲ ನಮ್ಮ ಬಾಯಲ್ಲೇ ಆಗುತ್ತದೆ. ‘ಒಳ್ಳೆ ಗಿರಾಕಿ ಕಣಯ್ಯ ನೀನು!’ ‘ಇದೊಳ್ಳೆ ಕಥೆಯಾಯ್ತಲ್ಲ!’ ‘ಒಳ್ಳೆ ಫಜೀತಿ!’ ಇಲ್ಲೆಲ್ಲ ‘ಒಳ್ಳೆ’ಯಲ್ಲಿ ಒಳ್ಳೆಯತನ ಎಳ್ಳಷ್ಟೂ ಇಲ್ಲ. ಇನ್ನು ‘ಗಿರಾಕಿ’ ನೋಡಿ, ಕಸ್ಟಮರ್ ಎಂಬುದರ ತದ್ರೂಪು: ಅಂಗಡಿಗೆ ಬಂದವನೂ ಗಿರಾಕಿ, ಅಳತೆಗೆ ಸಿಗದ ಮನುಷ್ಯನೂ ಗಿರಾಕಿ. ‘ರಮ್ ಕಸ್ಟಮರ್’ಗೆ ‘ಒಳ್ಳೆ ಗಿರಾಕಿ’ ಎಂಬಷ್ಟು ಸರಿಯಾದ ಜೋಡಿ ಬೇರೆ ಯಾವ ಭಾಷೆಯಲ್ಲಿ ಸಿಕ್ಕೀತೋ! ನಿಘಂಟಿನ ‘ವಿಚಿತ್ರ ವ್ಯಕ್ತಿ’ ಇದರ ಮುಂದೆ ಸರ್ಕಾರಿ ಸುತ್ತೋಲೆಯಂತೆ ಕಾಣುತ್ತದೆ.

ಆದರೆ ಇದನ್ನು ಬಳಸುವಾಗ ಮೂರು ಕಡೆ ಕಾಲು ಜಾರುತ್ತದೆ.

‘ಒಳ್ಳೆ’ ಮತ್ತು ‘ಒಳ್ಳೆಯ’ ಬೇರೆ. ‘ಒಳ್ಳೆ ಗಿರಾಕಿ’ ಅಂದರೆ ವಿಲಕ್ಷಣ ಆಸಾಮಿ. ‘ಒಳ್ಳೆಯ ಗಿರಾಕಿ’ ಅಂದರೆ ಸಾಲ ಹೇಳದೆ ದುಡ್ಡು ಕೊಡುವವನು. ಕರಡು ತಿದ್ದುವವರು ವ್ಯಾಕರಣಶುದ್ಧಿಯ ಹುರುಪಿನಲ್ಲಿ ಆ ‘ಯ’ ಸೇರಿಸಿದರೆ ಸಾಲೇ ಸತ್ತಂತೆ. ಅಂಚಿನಲ್ಲಿ ‘ಹೀಗೇ ಇರಲಿ’ ಎಂದು ಬರೆದುಕೊಡಿ.

ಇಂಗ್ಲಿಷಿನ ರಮ್ಮಿಗೆ ‘ವೆರಿ’ ಹತ್ತುತ್ತದೆ, ನಮ್ಮ ಈ ‘ಒಳ್ಳೆ’ಗೆ ‘ತುಂಬಾ’ ಹತ್ತುವುದಿಲ್ಲ. ‘ತುಂಬಾ ಒಳ್ಳೆ ಗಿರಾಕಿ’ ಅಂದ ಕೂಡಲೇ ಅದು ಹೊಗಳಿಕೆ. ಒತ್ತು ಬೇಕಾದರೆ ವಾಕ್ಯದ ಬಾಲದಲ್ಲಿ ಕೊಡಬೇಕು: ‘ಕಣಯ್ಯ’, ‘ಕಣ್ರೀ’, ‘ಆಯ್ತಲ್ಲ’. ಈ ಬಾಲವೋ ಉದ್ಗಾರದ ದನಿಯೋ ಇಲ್ಲದೆ ‘ಒಳ್ಳೆ’ ವ್ಯಂಗ್ಯಕ್ಕೆ ತಿರುಗುವುದೇ ಕಷ್ಟ.

ಮೂರನೆಯದು, ನಾಮಪದದ ಹಿಂದೆ ಮಾತ್ರ ಇದರ ಆಟ. ‘ಅವನು ಒಳ್ಳೆಯವನು’ ಎಂದಿಗೂ ರಮ್ ಆಗದು. ಆದ್ದರಿಂದ ನಿಮ್ಮ ಎರಡನೆಯ ಸಾಲಿಗೆ ಇದು ಬೇಡ. ‘ಎಲ್ಲಾ ಒಂಥರಾ ಇದೆಯಪ್ಪ’ ಅಥವಾ ಅನುಮಾನ ಹೆಚ್ಚಿದ್ದರೆ ‘ಯಾಕೋ ಇದ್ಯಾವುದೂ ಸರಿ ಕಾಣ್ತಿಲ್ಲ’. ಕಥೆಗಾರನೇ ತನ್ನ ದನಿಯಲ್ಲಿ ‘ರಮ್’ ಅಂದಿದ್ದರೆ, ಸಂಭಾಷಣೆಯ ಹೊರಗೆ, ಅಲ್ಲಿ ‘ವಿಲಕ್ಷಣ’ವೋ ‘ವಿಚಿತ್ರ’ವೋ ಇರಲಿ. ನಿರೂಪಣೆಯಲ್ಲಿ ‘ಒಳ್ಳೆ’ ಹಾಕಿದರೆ ಓದುಗ ಅದನ್ನು ನೇರ ಅರ್ಥದಲ್ಲೇ ತೆಗೆದುಕೊಳ್ಳುತ್ತಾನೆ.

‘ತಿಕ್ಕಲು’, ‘ಅರೆಹುಚ್ಚ’ ಇತ್ಯಾದಿ ಬೇಡ. ರಮ್ ಅಷ್ಟು ಖಾರದ ಪದವಲ್ಲ. ಹುಬ್ಬೇರಿಸುವ ಮಟ್ಟದ್ದು, ಬೈಯುವ ಮಟ್ಟದ್ದಲ್ಲ.

—

ಕರಡುಪ್ರತಿ:

ಬಹಳ ಉಪಕಾರವಾಯಿತು. ಇನ್ನೆರಡು ಸಂಶಯ. ‘ರಮ್ ಗೋ’ ಮತ್ತು ‘ರಮ್ ಡೂ’ ಎರಡೂ ಬಂದಿವೆ, ವ್ಯತ್ಯಾಸವೇನು? ಹಳ್ಳಿಯ ತೋಟಗಾರನೊಬ್ಬ ‘ಹಿ ವಾಸ್ ಎ ರಮ್ ಅನ್’ ಎಂದು ಸತ್ತ ಯಜಮಾನನ ಬಗ್ಗೆ ಪ್ರೀತಿಯಿಂದ ಹೇಳುವಂತಿದೆ. ಅಲ್ಲಿ ‘ಒಳ್ಳೆ ಗಿರಾಕಿ’ ಸರಿಹೋದೀತೇ? ಕೊನೆಯಲ್ಲಿ ಮುದಿ ನಾವಿಕನೊಬ್ಬನ ‘ರಮ್ ಸ್ಟೋರಿ’ ಕೂಡ ಇದೆ.

—

ಪದಶೋಧ:

‘ಗೋ’ ಅಂದರೆ ಎದುರುನೋಡದ ತಿರುವು. ‘ಹಿಯರ್ಸ್ ಎ ರಮ್ ಗೋ’ ಎಂದು ಬಾಯಿಂದ ಹೊರಡುವುದು ಸುದ್ದಿ ಕೇಳಿದ ಆ ಕ್ಷಣದಲ್ಲಿ. ‘ಇದೊಳ್ಳೆ ಕಥೆಯಾಯ್ತಲ್ಲ’ ಅದಕ್ಕೆ ಅಳತೆ ತೆಗೆದು ಹೊಲಿಸಿದಂತಿದೆ. ‘ರಮ್ ಸ್ಟಾರ್ಟ್’ ಎಂದು ಸಿಕ್ಕರೂ ಇದೇ, ಅಲ್ಲಿ ಆರಂಭದ ಮಾತಿಲ್ಲ. ‘ಡೂ’ ಅಂದರೆ ಆಗಿಹೋದ ಇಡೀ ಪ್ರಸಂಗ, ಹಿಂದಿರುಗಿ ನೋಡಿ ಹೇಳುವುದು. ಕೆಲವೊಮ್ಮೆ ಮೋಸದ ವಾಸನೆಯೂ ಇರುತ್ತದೆ. ‘ಅದೇನೋ ಎಡವಟ್ಟು ವ್ಯವಹಾರ’ ಅನ್ನಬಹುದು.

ತೋಟಗಾರ ಇಂಗ್ಲೆಂಡಿನ ಪೂರ್ವ ಭಾಗದವನಾಗಿದ್ದರೆ, ಅಂದರೆ ನಾರ್ಫಕ್, ಸಫಕ್ ಕಡೆಯವನಾಗಿದ್ದರೆ, ಲೆಕ್ಕ ಬೇರೆ. ಪಟ್ಟಣದಲ್ಲಿ ಹಳತಾದ ಈ ಪದ ಅಲ್ಲಿ ಆಡುಮಾತಾಗಿ ಉಳಿದಿದೆ. ‘ರಮ್ ಅನ್’ (‘ಅನ್’ ಎಂಬುದು ‘ಒನ್’ ಪದದ ಆಡುರೂಪ) ಅಂದರೆ ಬೆರಗು, ಮೆಚ್ಚುಗೆ, ದೂರು ಎಲ್ಲ ಕಲಸಿದ ಮಾತು. ಸತ್ತವರ ಬಗ್ಗೆ ಆಡುವಾಗ ‘ಗಿರಾಕಿ’ ಹಗುರವಾಗುತ್ತದೆ. ‘ನಮ್ಮ ಯಜಮಾನ್ರು ಒಂದು ನಮೂನೆ ಮನುಷ್ಯ’ ಎಂದರೆ ಪ್ರೀತಿಯೂ ಉಳಿಯುತ್ತದೆ.

—

ಹಳೇನಿಘಂಟು:

ನಾವಿಕನ ಸಾಲಿನಲ್ಲಿ ಅವಸರ ಬೇಡ. ಬ್ರಿಟಿಷ್ ನೌಕಾಪಡೆ ದಿನದ ರಮ್ ಕೊಡುವುದನ್ನು ನಿಲ್ಲಿಸಿದ್ದು 1970ರ ಜುಲೈ 31ರಂದು, ಹಾಗಾಗಿ ನಿಮ್ಮ ಕಥೆಯ ಕಾಲದ ನಾವಿಕನ ಕೈಯಲ್ಲಿ ಲೋಟ ಇದ್ದೇ ಇರುತ್ತದೆ. ಲೇಖಕ ಬೇಕೆಂದೇ ಎರಡೂ ಅರ್ಥಕ್ಕೆ ಕೊಂಡಿ ಹಾಕಿರಬಹುದು. ಹಿಂದುಮುಂದಿನ ಎರಡು ಪುಟದಲ್ಲಿ ಕುಡಿತದ ಮಾತಿದ್ದರೆ ಅದು ಶ್ಲೇಷೆ ಎಂದಿಟ್ಟುಕೊಳ್ಳಿ. ‘ಅಮಲೇರಿದ ಕಥೆ’ ಎಂಬಂಥ ದಾರಿ ಹಿಡಿಯಬಹುದು. ಇಲ್ಲದಿದ್ದರೆ ಬರೀ ‘ನಂಬಲಾಗದ ಕಥೆ’.

ಹಾಗೆಯೇ ಕಥೆಯಲ್ಲಿ ‘ಕ್ವಿಯರ್’ ಕೂಡ ಬಂದೇ ಬರುತ್ತದೆ. ನೂರು ವರ್ಷದ ಹಿಂದಿನ ಗದ್ಯದಲ್ಲಿ ಅದು ಹೆಚ್ಚಾಗಿ ‘ವಿಚಿತ್ರ’ವೇ, ‘ಫೀಲ್ ಕ್ವಿಯರ್’ ಅಂದರೆ ‘ಫೀಲ್ ರಮ್’ನಂತೆ ಮೈ ಸರಿಯಿಲ್ಲದಿರುವುದು. ‘ಇನ್ ಕ್ವಿಯರ್ ಸ್ಟ್ರೀಟ್’ ಅಂದರೆ ಸಾಲದಲ್ಲಿ ಸಿಕ್ಕಿಬಿದ್ದಿರುವುದು, ಆ ಹೆಸರಿನ ಬೀದಿ ಹುಡುಕಬೇಡಿ. ಇಂದಿನ ಲೈಂಗಿಕ ಅಲ್ಪಸಂಖ್ಯಾತರ ಅರ್ಥವನ್ನು ಅಲ್ಲಿಗೆ ತಂದು ತುರುಕಿದರೆ ಕಥೆ ದಿಕ್ಕು ತಪ್ಪುತ್ತದೆ.

—

ಕರಡುಪ್ರತಿ:

ಈಗಿನ ರೂಪ: ‘ನಿಮ್ಮನೇಲಿ ಬಾಡಿಗೆಗಿದ್ದಾನಲ್ಲ, ಒಳ್ಳೆ ಗಿರಾಕಿ ಕಣ್ರೀ ಅವನು.’ ‘ಎಲ್ಲಾ ಒಂಥರಾ ಇದೆ.’ ‘ಊಟ ಆದ್ಮೇಲೆ ಯಾಕೋ ಒಂಥರಾ ಆಯ್ತು.’ ‘ವಿಚಿತ್ರ ಏನಂದ್ರೆ, ಬಾಗಿಲಿಗೆ ಒಳಗಿಂದ ಚಿಲಕ ಹಾಕಿತ್ತು.’

—

ಮಾತಿನಮಲ್ಲಿ:

ಮೊದಲ ಮೂರು ಹಾಗೇ ಇರಲಿ. ನಾಲ್ಕನೆಯದರಲ್ಲಿ ‘ಲಾಕ್ಡ್’ ಎಂದಿದೆ, ಚಿಲಕವಲ್ಲ, ಬೀಗ. ಪತ್ತೇದಾರಿ ಕಥೆಯಾದ್ದರಿಂದ ಬೀಗದ ಕೈ ಎಲ್ಲಿತ್ತು ಎಂಬ ಪ್ರಶ್ನೆ ಮುಂದೆ ಬರಬಹುದು. ‘ತಮಾಷೆ ಏನು ಗೊತ್ತಾ, ಬಾಗಿಲಿಗೆ ಒಳಗಿಂದ ಬೀಗ ಹಾಕಿತ್ತು’ ಅನ್ನಿ. ‘ರಮ್ಮಿ’ಯ ಹುಡುಗಾಟದ ದನಿಗೆ ‘ವಿಚಿತ್ರ’ಕ್ಕಿಂತ ‘ತಮಾಷೆ’ ಹತ್ತಿರ.