ಕೆನಡಿ ಹತ್ಯೆಯ ಸಾಕ್ಷ್ಯಚಿತ್ರ: ನಾಲ್ಕನೆಯ ಗುಂಡಿನ ಬಗ್ಗೆ ವಿದ್ಯಾರ್ಥಿಗಳಿಗೆ ಏನು ಹೇಳಲಿ?

ಪ್ರಶ್ನೆ: ಶಿರಸಿಯ ಉಪನ್ಯಾಸಕಿ

ಶಿರಸಿಯಲ್ಲಿ ನಾನು ಕಲಿಸುವ ಪದವಿ ತರಗತಿಯ ಇತಿಹಾಸದ ವಿದ್ಯಾರ್ಥಿಗಳಿಗೆ, ಅಮೆರಿಕದ ಅಧ್ಯಕ್ಷ ಜಾನ್ ಕೆನಡಿಯವರ ಹತ್ಯೆಯ ಸುತ್ತ ಹಬ್ಬಿದ ಒಳಸಂಚಿನ ವಾದಗಳನ್ನು ಪರಿಶೀಲಿಸುವ ಸಾಕ್ಷ್ಯಚಿತ್ರವೊಂದನ್ನು ಮುಂದಿನ ವಾರ ತೋರಿಸಬೇಕೆಂದಿದ್ದೇನೆ. 1963ರ ನವೆಂಬರ್ 22ರಂದು ಡಲ್ಲಾಸ್ ನಗರದಲ್ಲಿ ನಡೆದ ಘಟನೆಯಿಂದ ಹಿಡಿದು, ಲೀ ಹಾರ್ವೆ ಆಸ್ವಾಲ್ಡ್ ಒಬ್ಬನೇ ಗುಂಡು ಹಾರಿಸಿದನೆಂದು 1964ರಲ್ಲಿ ತೀರ್ಮಾನಿಸಿದ ವಾರೆನ್ ಆಯೋಗದ ವರದಿಯವರೆಗೆ ಚಿತ್ರ ಸಮಾಧಾನದಿಂದ ಸಾಗುತ್ತದೆ. ಆದರೆ ಕೊನೆಯಲ್ಲಿ ಪೊಲೀಸ್ ವೈರ್‌ಲೆಸ್ಸಿನ ಧ್ವನಿಮುದ್ರಣವೊಂದನ್ನು ಕೇಳಿಸಿ, ಅದರಲ್ಲಿ ಆಸ್ವಾಲ್ಡ್ ಹಾರಿಸಿದ ಮೂರರ ಜೊತೆಗೆ ಇನ್ನೊಬ್ಬನದೂ ಸೇರಿ ನಾಲ್ಕು ಗುಂಡುಗಳ ಸದ್ದು ದಾಖಲಾಗಿದೆಯೆಂದೂ, ಅದನ್ನೇ ಆಧರಿಸಿ ಅಮೆರಿಕದ ಸಂಸತ್ತಿನ ಸಮಿತಿಯೊಂದು 1979ರಲ್ಲಿ ಬಹುಶಃ ಸಂಚು ನಡೆದಿತ್ತೆಂದು ಹೇಳಿತೆಂದೂ ತಿಳಿಸಿ ಮುಗಿದುಬಿಡುತ್ತದೆ. ಸಮಿತಿ ಹಾಗೆ ಹೇಳಿದ್ದು ನಿಜ. ಆಮೇಲೆ ಆ ಧ್ವನಿಮುದ್ರಣದ ಗತಿ ಏನಾಯಿತು? ಬಲ್ಲವರು ತಿಳಿಸಿದರೆ ಉಪಕಾರವಾಗುತ್ತದೆ.

ಉತ್ತರ: ಕಾರವಾರದ ನಿವೃತ್ತ ವೈರ್‌ಲೆಸ್ ಆಪರೇಟರ್

ಅಕ್ಕೋರೇ, ಮೊದಲು ತಿಳಿದಿರಬೇಕಾದದ್ದೇನೆಂದರೆ, ಆ ಮುದ್ರಣವನ್ನು ಎಷ್ಟು ಸಲ ಕೇಳಿದರೂ ಗುಂಡಿನ ಸದ್ದು ಕಿವಿಗೆ ಬೀಳುವುದಿಲ್ಲ. ಮೋಟಾರ್ ಸೈಕಲ್ ಎಂಜಿನ್ನಿನ ಗುರುಗುಡುವಿಕೆಯ ನಡುವೆ ಅಡಗಿದ ಕೆಲವು ಏರಿಳಿತಗಳು ಗುಂಡಿನ ಸದ್ದಿನ ಪ್ರತಿಧ್ವನಿಗೆ ಹೋಲುತ್ತವೆಂದು ತಜ್ಞರು ಯಂತ್ರಗಳ ನೆರವಿನಿಂದ ವಾದಿಸಿದ್ದರು, ಅಷ್ಟೆ. ಡಲ್ಲಾಸ್ ಪೊಲೀಸರು ಆ ದಿನ ಎರಡು ಚಾನೆಲ್‌ಗಳನ್ನು ಬಳಸುತ್ತಿದ್ದರು ಮತ್ತು ಅವೆರಡೂ ಬೇರೆ ಬೇರೆ ಯಂತ್ರಗಳಲ್ಲಿ ದಾಖಲಾಗುತ್ತಿದ್ದವು. ಪೊಲೀಸ್ ಮೋಟಾರ್ ಸೈಕಲ್ಲೊಂದರ ಮೈಕು ತೆರೆದೇ ಉಳಿದು, ಸುಮಾರು ಐದು ನಿಮಿಷ ಸುತ್ತಲಿನ ಸದ್ದನ್ನೆಲ್ಲ ಒಂದನೆಯ ಚಾನೆಲ್ಲಿಗೆ ಕಳಿಸುತ್ತಲೇ ಇತ್ತು. ಆ ವಾಹನ ಅಧ್ಯಕ್ಷರ ಮೆರವಣಿಗೆಯಲ್ಲಿಯೇ, ನಿರ್ದಿಷ್ಟ ಜಾಗದಲ್ಲಿಯೇ ಇತ್ತೆಂಬ ಊಹೆಯ ಮೇಲೆ ಇಡೀ ವಾದ ನಿಂತಿತ್ತು.

ಅದನ್ನು ಅಲುಗಿಸಿದವನು ವಿಜ್ಞಾನಿಯಲ್ಲ, ಓಹಾಯೊ ರಾಜ್ಯದ ಒಬ್ಬ ಡ್ರಮ್ ವಾದಕ. ಪತ್ರಿಕೆಯೊಂದರ ಜೊತೆ ಬಂದಿದ್ದ ತೆಳು ಪ್ಲಾಸ್ಟಿಕ್ ರೆಕಾರ್ಡಿನಲ್ಲಿ ಅದೇ ಮುದ್ರಣವನ್ನು ಮತ್ತೆ ಮತ್ತೆ ಕೇಳುತ್ತ, ಗುಂಡುಗಳೆಂದು ಗುರುತಿಸಿದ್ದ ಜಾಗದಲ್ಲಿಯೇ ಕ್ಷೀಣವಾದ ಮಾತೊಂದಿರುವುದನ್ನು ಆತ ಪತ್ತೆ ಮಾಡಿದ. ಅದು ಎರಡನೆಯ ಚಾನೆಲ್ಲಿನಿಂದ ನುಸುಳಿದ, ಅಲ್ಲಿನ ಕಾನೂನು ಪಾಲನೆಯ ಅಧಿಕಾರಿ ಶೆರಿಫ್ ಡೆಕರ್ ಅವರ ದನಿ. ತನಿಖಾಧಿಕಾರಿಗಳು ಬರುವವರೆಗೆ ಎಲ್ಲವನ್ನೂ ಭದ್ರವಾಗಿಡಿ ಎಂಬ ಆದೇಶ. ಹತ್ಯೆಯ ನಂತರ ಸುಮಾರು ಒಂದು ನಿಮಿಷಕ್ಕೆ ಹೊರಟ ಆದೇಶದ ಜೊತೆಜೊತೆಗೇ ಕೇಳಿಸುವ ಸದ್ದು ಹತ್ಯೆಯ ಗುಂಡಿನದಾಗಿರಲು ಹೇಗೆ ಸಾಧ್ಯ? ಭೌತವಿಜ್ಞಾನಿ ನಾರ್ಮನ್ ರ‍್ಯಾಮ್ಸೆಯವರ ಅಧ್ಯಕ್ಷತೆಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಸಮಿತಿ 1982ರಲ್ಲಿ ಇದನ್ನೇ ಮುಖ್ಯ ಆಧಾರವಾಗಿಟ್ಟು, ನಾಲ್ಕನೆಯ ಗುಂಡಿನ ವಾದವನ್ನು ತಳ್ಳಿಹಾಕಿತು. 2001ರಲ್ಲಿ ಒಬ್ಬರು ವಿಜ್ಞಾನ ಪತ್ರಿಕೆಯೊಂದರಲ್ಲಿ ವಾದಕ್ಕೆ ಮರುಜೀವ ಕೊಡಲು ಯತ್ನಿಸಿದರು. 2005ರಲ್ಲಿ ಅದೇ ಪತ್ರಿಕೆಯಲ್ಲಿ ಅದಕ್ಕೆ ಪ್ರತ್ಯುತ್ತರವೂ ಪ್ರಕಟವಾಯಿತು. 1979ಕ್ಕೆ ನಿಂತುಬಿಡುವ ಚಿತ್ರ ಸುಳ್ಳನ್ನೇನೂ ಹೇಳುತ್ತಿಲ್ಲ, ಆದರೆ ನೋಡುವವರನ್ನು ಅರ್ಧ ದಾರಿಯಲ್ಲಿ ಇಳಿಸಿ ಹೋಗುತ್ತದೆ.

ಉತ್ತರ: ಕುಮಟಾದ ವಕೀಲ

ಮೇಲಿನ ವಿವರಣೆಗೆ ಒಂದು ಮಾತು ಸೇರಿಸುತ್ತೇನೆ. ಅದೇ 1979ರ ಸಮಿತಿ, ಕೆನಡಿಯವರನ್ನು ಕೊಂದ ಗುಂಡು ಆಸ್ವಾಲ್ಡ್‌ನದೇ ಎಂದೂ, ಇನ್ನೊಬ್ಬ ಹಾರಿಸಿದನೆನ್ನಲಾದ ಗುಂಡು ಗುರಿ ತಪ್ಪಿತೆಂದೂ ಹೇಳಿತ್ತು. ಚಿತ್ರಗಳಲ್ಲಿ ಈ ಭಾಗ ಸಾಮಾನ್ಯವಾಗಿ ಬಿಟ್ಟುಹೋಗುತ್ತದೆ.

ಸಂಶಯ ಇಷ್ಟು ವರ್ಷ ಉಳಿಯಲು ಇನ್ನೊಂದು ಕಾರಣವೂ ಇದೆ. ಹತ್ಯೆಯಾದ ಎರಡೇ ದಿನಕ್ಕೆ, ನವೆಂಬರ್ 24ರಂದು, ಪೊಲೀಸರ ವಶದಲ್ಲಿದ್ದ ಆಸ್ವಾಲ್ಡ್‌ನನ್ನು ಜ್ಯಾಕ್ ರೂಬಿ ಗುಂಡಿಕ್ಕಿ ಕೊಂದದ್ದರಿಂದ ವಿಚಾರಣೆಯೇ ನಡೆಯಲಿಲ್ಲ. ಆಯೋಗ ಎಷ್ಟೇ ಸಾಕ್ಷ್ಯ ಕಲೆಹಾಕಿದರೂ ಆರೋಪಿಯ ಪರ ವಕೀಲನ ಪಾಟೀಸವಾಲಿಗೆ ಅದು ಸಮನಾಗದು. ಹಾಗೆಂದು ವಿಚಾರಣೆ ನಡೆದರೆ ಸಂಶಯ ಸಾಯುತ್ತದೆಯೆಂದು ತಿಳಿಯಬೇಡಿ. ಗಾಂಧೀಜಿಯವರ ಹತ್ಯೆಯ ಮೊಕದ್ದಮೆ ಕೆಂಪುಕೋಟೆಯಲ್ಲಿ ನಡೆದು, ಮೇಲ್ಮನವಿಯೂ ಮುಗಿದು, 1949ರಲ್ಲಿ ಶಿಕ್ಷೆಯೂ ಜಾರಿಯಾಯಿತು; 1966ರಲ್ಲಿ ನೇಮಕವಾದ ಕಪೂರ್ ಆಯೋಗ ಸಂಚಿನ ಅಂಶವನ್ನು ಮತ್ತೊಮ್ಮೆ ಪರಿಶೀಲಿಸಿ 1969ರಲ್ಲಿ ವರದಿ ಕೊಟ್ಟಿತು. ಆದರೂ ಅಲ್ಲಿಯೂ ನಾಲ್ಕನೆಯ ಗುಂಡೊಂದಿತ್ತೆಂದು ಮರುತನಿಖೆ ಕೋರಿದ ಅರ್ಜಿ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2018ರಲ್ಲಿ ವಜಾ ಆಯಿತು. ಇದನ್ನೂ ವಿದ್ಯಾರ್ಥಿಗಳ ಮುಂದಿಡಿ.

ಉತ್ತರ: ಹೊನ್ನಾವರದ ಓದುಗ

ನಾನು ಸ್ವಲ್ಪ ಎದುರು ಮಾತಾಡುತ್ತೇನೆ. ಸಂಶಯಪಟ್ಟವರನ್ನೆಲ್ಲ ಮರುಳರೆಂಬಂತೆ ಕಾಣುವುದು ನ್ಯಾಯವಲ್ಲ. ಅಮೆರಿಕದ ಗುಪ್ತಚರ ಸಂಸ್ಥೆ ಸಿಐಎ ಕ್ಯೂಬಾದ ನಾಯಕ ಕ್ಯಾಸ್ಟ್ರೊ ಅವರನ್ನು ಕೊಲ್ಲಿಸಲು ಹೂಡಿದ್ದ ಸಂಚುಗಳನ್ನು ವಾರೆನ್ ಆಯೋಗಕ್ಕೆ ತಿಳಿಸಲೇ ಇಲ್ಲ. ಆ ಸಂಸ್ಥೆಯ ಹಿಂದಿನ ನಿರ್ದೇಶಕ ಆಲೆನ್ ಡಲೆಸ್ ಆಯೋಗದ ಸದಸ್ಯರಾಗಿದ್ದೂ ಹೀಗಾಯಿತು. ಹತ್ಯೆಗೆ ಮುನ್ನ ಆಸ್ವಾಲ್ಡ್ ಎಫ್‌ಬಿಐನ ಡಲ್ಲಾಸ್ ಕಚೇರಿಗೆ ಕೊಟ್ಟುಹೋಗಿದ್ದ ಚೀಟಿಯನ್ನು ಅಲ್ಲಿನವರೇ ನಾಶ ಮಾಡಿದರು. ಎರಡೂ ಸಂಗತಿಗಳು ಜನರಿಗೆ ತಿಳಿದದ್ದು 1975ರ ಸುಮಾರಿಗೆ. ಒಂದು ಸಂಗತಿಯನ್ನು ಮುಚ್ಚಿಟ್ಟವರು ಇನ್ನೊಂದನ್ನು ಮುಚ್ಚಿಟ್ಟಿರಲಿಕ್ಕಿಲ್ಲವೆಂದು ಜನ ಯಾಕೆ ನಂಬಬೇಕಿತ್ತು?

ಮರುಪ್ರಶ್ನೆ: ಶಿರಸಿಯ ಉಪನ್ಯಾಸಕಿ

ಎಲ್ಲರಿಗೂ ವಂದನೆಗಳು. ಮುದ್ರಣದ ಭಾಗ ಮುಗಿದೊಡನೆ ಚಿತ್ರವನ್ನು ನಿಲ್ಲಿಸಿ 1982ರ ವರದಿಯ ವಿಷಯ ಹೇಳುತ್ತೇನೆ. ಹೊನ್ನಾವರದವರ ಪ್ರಶ್ನೆಯನ್ನು ಚರ್ಚೆಗೆ ಬಿಡುತ್ತೇನೆ. ಇನ್ನೊಂದು ಸಂಶಯ. ಒಂದೇ ಗುಂಡು ಕೆನಡಿಯವರ ಕತ್ತನ್ನು ಹಾದು ಅದೇ ಕಾರಿನಲ್ಲಿ ಮುಂದೆ ಕುಳಿತಿದ್ದ ಟೆಕ್ಸಾಸ್ ರಾಜ್ಯದ ಗವರ್ನರ್ ಕೊನಾಲಿಯವರ ಬೆನ್ನು, ಮಣಿಕಟ್ಟು, ತೊಡೆಗಳಿಗೆ ತಗುಲಿತೆಂಬ ಮಾತನ್ನು ಚಿತ್ರದಲ್ಲಿ ಒಬ್ಬರು ನಕ್ಷೆ ಬರೆದು ಅಪಹಾಸ್ಯ ಮಾಡುತ್ತಾರೆ. ನಕ್ಷೆಯಲ್ಲಿ ಗುಂಡು ಗಾಳಿಯಲ್ಲಿಯೇ ತಿರುಗಿದಂತೆ ಕಾಣುತ್ತದೆ.

ಉತ್ತರ: ಕಾರವಾರದ ನಿವೃತ್ತ ವೈರ್‌ಲೆಸ್ ಆಪರೇಟರ್

ನಕ್ಷೆಯಲ್ಲಿ ಇಬ್ಬರನ್ನೂ ನೇರವಾಗಿ ಒಬ್ಬರ ಹಿಂದೊಬ್ಬರಂತೆ, ಒಂದೇ ಎತ್ತರದಲ್ಲಿ ಕೂರಿಸಿದ್ದಾರೆಯೇ ಎಂದು ನೋಡಿ. ಕೊನಾಲಿಯವರು ಕುಳಿತದ್ದು ಮಡಚುವ ಹೆಚ್ಚುವರಿ ಆಸನದಲ್ಲಿ. ಅದು ಹಿಂದಿನ ಆಸನಕ್ಕಿಂತ ತಗ್ಗಾಗಿಯೂ ಕಾರಿನ ಒಳಬದಿಗೆ ಸರಿದೂ ಇತ್ತು, ಜೊತೆಗೆ ಅವರು ಬಲಕ್ಕೆ ತಿರುಗಿದ್ದರು. ಆಸನಗಳನ್ನು ಸರಿಯಾಗಿ ಇಟ್ಟು ಗೆರೆ ಎಳೆದರೆ ಗುಂಡು ತಿರುಗಬೇಕಾಗಿಯೇ ಇಲ್ಲ. 1979ರ ಸಮಿತಿಯೂ ಈ ಅಂಶವನ್ನು ಒಪ್ಪಿಕೊಂಡಿತ್ತು. ಕರಿಹಲಗೆಯ ಮೇಲೆ ಎರಡೂ ನಕ್ಷೆಗಳನ್ನು ವಿದ್ಯಾರ್ಥಿಗಳಿಂದಲೇ ಬರೆಯಿಸಿ.