ಸಂಧಾನಕಾರರ ಕೆಲಸಕ್ಕೆ ಕೊಡಗಿನಿಂದ ಹೋದವರು ಇದ್ದೀರಾ? ಅನುಭವ ಹೇಳಿ

ಸೋಮವಾರಪೇಟೆ ಹುಡುಗಿ:
ಎಲ್ಲರಿಗೂ ನಮಸ್ಕಾರ. ನನಗೆ 23 ವರ್ಷ, ರಾಜ್ಯಶಾಸ್ತ್ರದಲ್ಲಿ ಬಿಎ ಆಗಿದೆ. ಯುದ್ಧ ಮಾಡುತ್ತಿರುವ ಎರಡೂ ಕಡೆಯವರನ್ನು ಮಾತಿಗೆ ಕೂರಿಸುವ ಕೆಲಸಕ್ಕೆ ಹೋಗಬೇಕು ಅಂತ ಆಸೆ. ಅಪ್ಪ ಎರಡು ಎಕರೆ ಕಾಫಿ ತೋಟ ಅಡ ಇಟ್ಟು ಯುರೋಪಿಗೆ ಕಳಿಸುತ್ತೇನೆ ಅನ್ನುತ್ತಾರೆ. ಇಲ್ಲೇ ಎಂಎ ಮಾಡಿ ಆಮೇಲೆ ಹೋಗಲಾ? ಫ್ರೆಂಚ್ ಬರಲ್ಲ, ಬೇಕೇ ಬೇಕಾ?

ಮಕ್ಕಂದೂರು ಅಕ್ಕ:
ತೋಟ ಅಡ ಇಡಬೇಡಿ. ನಾನು 2017ರಲ್ಲಿ ಹೋದೆ. ಎರಡು ವರ್ಷದ ಫೀಸು 19 ಲಕ್ಷ. ರೂಮು, ಊಟ, ಚಳಿಯ ಬಟ್ಟೆ ಸೇರಿ 12 ಲಕ್ಷ. ಬ್ಯಾಂಕ್ ಸಾಲ 20 ಲಕ್ಷ, ಉಳಿದದ್ದಕ್ಕೆ ಇದ್ದ ಉಳಿತಾಯ ಮತ್ತು ಅಮ್ಮನ ಚಿನ್ನದ ಸರಗಳು, ಜೋಮಾಲೆ, ಪತ್ತಾಕ್ ಅಡ ಇಟ್ಟೆವು. 2018ರ ಆಗಸ್ಟಿನಲ್ಲಿ ಇಲ್ಲಿ ಗುಡ್ಡ ಜಾರಿತು. ಅರ್ಧ ತೋಟ ಕೊಚ್ಚಿಹೋಯಿತು. ಮನೆಯಿಂದ ದುಡ್ಡು ನಿಂತಿತು. ರಾತ್ರಿ ಹೋಟೆಲಿನಲ್ಲಿ ಪಾತ್ರೆ ತೊಳೆದು ಓದು ಮುಗಿಸಿದೆ. ಪತ್ತಾಕ್ ಬಿಡಿಸಿಕೊಂಡೆವು. ಜೋಮಾಲೆ ಹರಾಜಾಯಿತು.

ಆಮೇಲೆ ಒಂದು ಸಂಸ್ಥೆಯಲ್ಲಿ ಆರು ತಿಂಗಳು ಸಂಬಳ ಇಲ್ಲದ ಇಂಟರ್ನ್, ಜಿನೀವಾದಲ್ಲಿ, ನನ್ನದೇ ಖರ್ಚು. ಮಧ್ಯಸ್ಥರ ಕುರ್ಚಿಯಲ್ಲಿ ಕೂರುವವರು ಯಾರು ಗೊತ್ತಾ? ಇಂಡೋನೇಷ್ಯಾದ ‘ಆಚೆ’ (Aceh) ಅನ್ನುವ ಪ್ರಾಂತ್ಯದ ಶಾಂತಿ ಒಪ್ಪಂದವನ್ನು 2005ರಲ್ಲಿ ಮಾಡಿಸಿದ ಮಾರ್ತಿ ಅಹ್ತಿಸಾರಿ ಫಿನ್ಲೆಂಡಿನ ಅಧ್ಯಕ್ಷರಾಗಿದ್ದವರು. 1998ರಲ್ಲಿ ಉತ್ತರ ಐರ್ಲೆಂಡ್ ಮಾತುಕತೆ ನಡೆಸಿದ ಜಾರ್ಜ್ ಮಿಚೆಲ್ ಅಮೆರಿಕದ ಸೆನೆಟರ್ ಆಗಿದ್ದವರು. ನಮ್ಮಂಥವರು ಹಿಂದಿನ ರೂಮಿನಲ್ಲಿ ಕರಡು ತಿದ್ದುತ್ತೇವೆ. ಒಂದೇ ಒಂದು ಪದಕ್ಕೆ ಒಂದು ವಾರ ಕೂತಿದ್ದೇವೆ. ದುಡ್ಡು ಕೊಡುತ್ತಿದ್ದ ದೇಶ ಕೈ ಬಿಟ್ಟಿತು, 14 ತಿಂಗಳಿಗೆ ಕೆಲಸ ಹೋಯಿತು. ಈಗಲೂ ತಿಂಗಳಿಗೆ 27,400 ಕಂತು ಕಟ್ಟುತ್ತಿದ್ದೇನೆ.

ನಿವೃತ್ತ ಮೇಜರ್, ಮಡಿಕೇರಿ:
ಇದು ಫೀಸು ಕಟ್ಟಿ ಕಲಿಯುವ ವಿದ್ಯೆ ಅಲ್ಲ ಮಗಳೇ. ನಾನು ಸೇನೆಯಿಂದ ಹೋದವನು. 2008, ಪೂರ್ವ ಕಾಂಗೋ, ವಿಶ್ವಸಂಸ್ಥೆಯ ಶಾಂತಿಪಡೆ. ಎರಡು ಗುಂಪಿನವರು ರಸ್ತೆಗೆ ಅಡ್ಡ ಹಾಕಿದ್ದರು. ಹಿಟ್ಟಿನ ಲಾರಿಗಳು ನಿಂತಿದ್ದವು. ಮೂರು ದಿನ ಮರದಡಿ ಕೂತೆ. ನನ್ನ ಇಂಗ್ಲಿಷ್ ಫ್ರೆಂಚ್ ಆಗಿ, ಅದು ಸ್ವಾಹಿಲಿ ಆಗಿ ಅವರಿಗೆ ಮುಟ್ಟಬೇಕು. ಮೊದಲ ದಿನ ಯಾರೂ ರಸ್ತೆಯ ಮಾತೇ ಎತ್ತಲಿಲ್ಲ. ಸತ್ತವರ ಹೆಸರು ಹೇಳುತ್ತಾ ಹೋದರು. ನಾನು ಸುಮ್ನೆ ಕೇಳಿದೆ. ಮೂರನೇ ದಿನ ಸಂಜೆ ಲಾರಿ ಬಿಟ್ಟರು. ಮಲೇರಿಯಾ ಎರಡು ಸಲ ಬಂತು, ಎಂಟು ಕೆಜಿ ಇಳಿದೆ. ಸಾಲ ಮಾತ್ರ ಒಂದು ರೂಪಾಯಿ ಇಲ್ಲ.

ಮಕ್ಕಂದೂರು ಅಕ್ಕ:
ಸರ್, ಶಾಂತಿಪಡೆ ಬೇರೆ, ಸಂಧಾನ ಬೇರೆ. ನಿಮ್ಮ ಹಿಂದೆ ಬಂದೂಕು ಇತ್ತು. ಎರಡನ್ನೂ ಒಂದೇ ಅಂತ ಹೇಳಿ ಆ ಹುಡುಗಿಯ ದಾರಿ ತಪ್ಪಿಸಬೇಡಿ.

ನಿವೃತ್ತ ಮೇಜರ್, ಮಡಿಕೇರಿ:
ದಾರಿ ತಪ್ಪಿಸುತ್ತಿಲ್ಲ! ನಮ್ಮೂರಿನ ಜನರಲ್ ತಿಮ್ಮಯ್ಯನವರು 1953ರಲ್ಲಿ ಕೊರಿಯಾದಲ್ಲಿ ಮಾಡಿದ್ದೇನು? ಊರಿಗೆ ವಾಪಸ್ ಹೋಗಲ್ಲ ಅಂದ ಯುದ್ಧ ಕೈದಿಗಳು 22 ಸಾವಿರಕ್ಕೂ ಜಾಸ್ತಿ. ಆ ಕೈದಿಗಳನ್ನು ನೋಡಿಕೊಂಡ ಐದು ದೇಶಗಳ ಆಯೋಗಕ್ಕೆ ಇವರು ಅಧ್ಯಕ್ಷರು. ಸ್ವೀಡನ್, ಸ್ವಿಟ್ಜರ್ಲೆಂಡ್ ಒಂದು ಕಡೆ ಎಳೆದರೆ ಪೋಲೆಂಡ್, ಜೆಕೊಸ್ಲೊವಾಕಿಯಾ ಇನ್ನೊಂದು ಕಡೆ. ನಡುವೆ ಭಾರತ. ಅದು ಸಂಧಾನ ಅಲ್ವಾ? 1965ರಲ್ಲಿ ಸೈಪ್ರಸ್‌ನಲ್ಲಿ ಶಾಂತಿಪಡೆಯ ಕೆಲಸದಲ್ಲಿದ್ದಾಗಲೇ ತೀರಿಕೊಂಡರು. ಅವರ ಮನೆ ಸನ್ನಿಸೈಡ್ ಈಗ ಮ್ಯೂಸಿಯಂ. ಒಂದು ಸಲ ಹೋಗಿ ನೋಡಿ, ಆಮೇಲೆ ಮಾತಾಡೋಣ.

ನಾಪೋಕ್ಲು ವಕೀಲ:
ಇಬ್ಬರೂ ದೂರದ ಮಾತೇ ಆಡುತ್ತಿದ್ದೀರಿ. ನಾನು 40 ಗಂಟೆಯ ಮಧ್ಯಸ್ಥಿಕೆ ತರಬೇತಿ ಮಾಡಿಕೊಂಡೆ. ಬಸ್ಸು, ಲಾಡ್ಜು, ಊಟ ಸೇರಿ 11 ಸಾವಿರ. ಮೊದಲ ಎರಡು ವರ್ಷ ಒಂದು ಕೇಸೂ ಬಗೆಹರಿಯಲಿಲ್ಲ. ಆಮೇಲೆ ಒಂದು ಒಕ್ಕದ (ಕೊಡವ ಕುಲದ) ಜಮ್ಮಾ ಜಾಗದ, ಅಂದರೆ ವಂಶಪಾರಂಪರ್ಯದ ಜಮೀನಿನ, ಕೇಸು ಬಂತು. 31 ವರ್ಷ ಹಳೆಯದು. ಅಣ್ಣತಮ್ಮಂದಿರ ಮಕ್ಕಳು ಕುಲದ ಮೂಲ ಮನೆಯಾದ ಐನ್‌ಮನೆಗೆ ಎರಡು ಬಾಗಿಲಿನಿಂದ ಹೋಗುತ್ತಿದ್ದರು. ಏಳು ಸಲ ಕೂರಿಸಿದೆ. ಕಡೆಗೆ ಗೊತ್ತಾಯಿತು, ಜಗಳ ಜಾಗಕ್ಕಲ್ಲ. ಒಂದು ತಿಥಿಗೆ ಬನ್ನಿ ಅಂತ ಹೇಳಿಕೆ ಹೋಗಿರಲಿಲ್ಲ, ಅಷ್ಟೇ. ಆ ವರ್ಷ ಪುತ್ತರಿ ಸುಗ್ಗಿ ಹಬ್ಬಕ್ಕೆ ಎಲ್ಲರೂ ಒಂದೇ ಕಡೆ ಕದಿರು (ಹೊಸ ಭತ್ತದ ತೆನೆ) ತೆಗೆದರು. ಈಗ 2023ರ ಮಧ್ಯಸ್ಥಿಕೆ ಕಾಯಿದೆಯೂ ಇದೆ. ಇಲ್ಲಿ ಕಲಿಯದವರು ಜಿನೀವಾದಲ್ಲಿ ಏನು ಕಲಿಯುತ್ತಾರೆ?

ಮಕ್ಕಂದೂರು ಅಕ್ಕ:
ವಕೀಲರೇ, ನಿಮ್ಮಲ್ಲಿ ರಾಜಿ ಮುರಿದರೆ ಕೋರ್ಟು ಇದೆ. ಅಲ್ಲಿ ಮುರಿದರೆ ಹೆಣ ಬೀಳುತ್ತದೆ. ಶ್ರೀಲಂಕಾದಲ್ಲಿ ಸರ್ಕಾರಕ್ಕೂ ಎಲ್‌ಟಿಟಿಇಗೂ ನಡುವೆ ನಾರ್ವೆಯವರು 2002ರಲ್ಲಿ ಕದನ ವಿರಾಮ ಮಾಡಿಸಿದರು. 2009ರಲ್ಲಿ ಏನಾಯಿತು? ಯುದ್ಧದಲ್ಲೇ ಮುಗಿಯಿತು. ಕೊಲಂಬಿಯಾದ ಸರ್ಕಾರ ಮತ್ತು ಬಂಡುಕೋರರು ಕ್ಯೂಬಾದ ಹವಾನಾದಲ್ಲಿ ನಾಲ್ಕು ವರ್ಷ ಮಾತಾಡಿದರು. 2016ರಲ್ಲಿ ಸಹಿ ಆಯಿತು, ಜನಮತದಲ್ಲಿ ಸೋತಿತು. ಮತ್ತೆ ಕೂತು ತಿದ್ದಬೇಕಾಯಿತು. ಅದನ್ನು ತಿಥಿ ಹೇಳಿಕೆಗೆ ಹೋಲಿಸುತ್ತೀರಾ?

ನಾಪೋಕ್ಲು ವಕೀಲ:
ಹೋಲಿಸುತ್ತೇನೆ. ಅವಮಾನ ಎಲ್ಲಾ ಕಡೆ ಒಂದೇ. ನಮ್ಮ ತಕ್ಕರು, ಅಂದರೆ ಊರಿನ ಮುಖ್ಯಸ್ಥರು, ಕೋರ್ಟು ಬರುವ ಮೊದಲೇ ಊರಿನ ಎಷ್ಟು ವ್ಯಾಜ್ಯ ಮುಗಿಸಿದ್ದಾರೆ!

ಕುಶಾಲನಗರದಿಂದ:
ತಕ್ಕರ ಮಾತು ಬಿಡಿ. ನನ್ನ ಅಮ್ಮ ತವರಿನ ಪಾಲು ಕೇಳಿದಾಗ ಊರಿನ ಹಿರಿಯರು ಕೂತು ತೀರ್ಮಾನ ಮಾಡಿದರು. ಅವರಲ್ಲಿ ಒಬ್ಬ ಹೆಂಗಸೂ ಇರಲಿಲ್ಲ. ಅಮ್ಮನನ್ನು ಜಗಲಿಯಲ್ಲಿ ನಿಲ್ಲಿಸಿದ್ದರು. ಅದಕ್ಕೆ ಸಂಧಾನ ಅಂತೀರಾ? ಫಿಲಿಪೈನ್ಸ್‌ನಲ್ಲಿ ಮುಸ್ಲಿಂ ಬಂಡುಕೋರರ ಜೊತೆಗಿನ 2014ರ ಬಂಗ್ಸಮೊರೊ ಶಾಂತಿ ಒಪ್ಪಂದಕ್ಕೆ ಸರ್ಕಾರದ ಕಡೆಯಿಂದ ಮುಖ್ಯ ಸಂಧಾನಕಾರರಾಗಿ ಸಹಿ ಹಾಕಿದವರು ಮಿರಿಯಮ್ ಕೊರೊನೆಲ್ ಫೆರರ್, ಒಬ್ಬ ಹೆಂಗಸು.

ನಾಪೋಕ್ಲು ವಕೀಲ:
ಒಂದು ಮನೆಯ ವಿಷಯ ಇಟ್ಟುಕೊಂಡು ಇಡೀ ನಾಡಿನ ಪದ್ಧತಿಗೆ ಬೈಯಬೇಡಿ.

ಕುಶಾಲನಗರದಿಂದ:
ಆ ಒಂದು ಮನೆ ನನ್ನದು.

ಸೋಮವಾರಪೇಟೆ ಹುಡುಗಿ:
ಫ್ರೆಂಚ್ ವಿಷಯ ಯಾರೂ ಹೇಳಲಿಲ್ಲ.

ಮಕ್ಕಂದೂರು ಅಕ್ಕ:
ಬೇಕು. ನಾಳೆಯೇ ಶುರು ಮಾಡು. ವಿಶ್ವಸಂಸ್ಥೆಯ ಯುವ ವೃತ್ತಿಪರರ ಪರೀಕ್ಷೆಗೆ 32 ವರ್ಷದ ಮಿತಿ ಇದೆ, ಯಾವ ದೇಶದವರು ಬರೆಯಬಹುದು ಅನ್ನುವ ಪಟ್ಟಿ ವರ್ಷ ವರ್ಷ ಬದಲಾಗುತ್ತದೆ. ಅದನ್ನು ನೋಡುತ್ತಾ ಇರು. ತೋಟದ ಕಾಗದ ಮಾತ್ರ ಪೆಟ್ಟಿಗೆಯಿಂದ ತೆಗೆಯಬೇಡಿ ಅಂತ ಅಪ್ಪನಿಗೆ ಹೇಳು.

ನಿವೃತ್ತ ಮೇಜರ್, ಮಡಿಕೇರಿ:
ಸ್ವಾಹಿಲಿಯೂ ಕಲಿ.