ಕಾಲೇಜಿನ ಗುಡ್ಡಕ್ಕೆ ಇಂಗುಗುಂಡಿ ಬೇಕೇ? ಭೂಜಲ ತಜ್ಞೆಯೊಂದಿಗೆ ಪ್ರಶ್ನೋತ್ತರ

ನಿರ್ವಾಹಕರು: ಕಾಲೇಜು ಆವರಣದ ನೀರು, ಕಸ, ವಿದ್ಯುತ್ತು, ಮರಗಿಡಗಳ ಬಗ್ಗೆ ಉತ್ತರ ಕನ್ನಡದ ಅಧ್ಯಾಪಕರು, ವಿದ್ಯಾರ್ಥಿಗಳು ಇಂದು ಪ್ರಶ್ನೆ ಕೇಳಬಹುದು. ದಯವಿಟ್ಟು ಫಾರ್ವರ್ಡ್ ಸಂದೇಶ ಹಾಕಬೇಡಿ.

ಕಾರವಾರದ ಉಪನ್ಯಾಸಕ: ನಮಸ್ಕಾರ ಮೇಡಂ. ನಮ್ಮ ಚಾವಣಿ ಸುಮಾರು 1000 ಚದರ ಮೀಟರ್. ಮಳೆನೀರಿಗೆ ಎಷ್ಟು ದೊಡ್ಡ ಟ್ಯಾಂಕ್ ಕಟ್ಟಬೇಕು?

ತಜ್ಞೆ: ನಮಸ್ಕಾರ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ವರ್ಷಕ್ಕೆ 3000 ಮಿ.ಮೀ. ಎಂದು ಹಿಡಿದು, ಶೇ. 80ರಷ್ಟು ಸಿಕ್ಕಿದರೂ 24 ಲಕ್ಷ ಲೀಟರ್. ಅಷ್ಟನ್ನೂ ಕೂಡಿಡುವ ಟ್ಯಾಂಕ್ ಕಟ್ಟಲು ಹೋಗಬೇಡಿ. ಸಣ್ಣ ಟ್ಯಾಂಕ್ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಶೌಚಾಲಯಕ್ಕೆ ಅದೇ ನೀರು ಬಳಸಿ, ಪಂಪ್ ನಿಲ್ಲಿಸಿ. ಅಕ್ಟೋಬರಿನ ಕೊನೆಯ ಮಳೆಗೆ ಟ್ಯಾಂಕ್ ತುಂಬಿಸಿಟ್ಟುಕೊಳ್ಳಿ.

ಕುಮಟಾದ ಉಪನ್ಯಾಸಕಿ: ಏಪ್ರಿಲ್ ಬಂದರೆ ನಮ್ಮ ಬಾವಿಯ ನೀರು ಉಪ್ಪಾಗುತ್ತದೆ. ಆರ್‌ಒ ಹಾಕಿಸಬೇಕೇ? ಇನ್ನೊಂದು, ಹಾಸ್ಟೆಲಿನಲ್ಲಿ ಸ್ಯಾನಿಟರಿ ಪ್ಯಾಡ್ ಸುಡುವ ಯಂತ್ರದ ಹೊಗೆ ಕೋಣೆಗಳಿಗೆ ನುಗ್ಗುತ್ತದೆ. ಏನು ಮಾಡಬೇಕು?

ತಜ್ಞೆ: ಕರಾವಳಿಯಲ್ಲಿ ಸಿಹಿನೀರು ಉಪ್ಪುನೀರಿನ ಮೇಲೆ ತೇಲಿಕೊಂಡಿರುತ್ತದೆ. ಸಿಹಿನೀರಿನ ಮಟ್ಟ ಒಂದು ಮೀಟರ್ ಇಳಿದರೆ, ಅಡಿಯ ಉಪ್ಪುನೀರು ಸುಮಾರು 40 ಮೀಟರ್ ಮೇಲೇರಬಹುದು ಎಂಬುದು ಭೂಜಲಶಾಸ್ತ್ರದ ಲೆಕ್ಕ. ಪಂಪನ್ನು ಗಂಟೆಗಟ್ಟಲೆ ಒಂದೇ ಸಮನೆ ಓಡಿಸಬೇಡಿ. ಸ್ವಲ್ಪ ಸ್ವಲ್ಪವಾಗಿ, ಬಿಟ್ಟುಬಿಟ್ಟು ಎತ್ತಿ. ಆರ್‌ಒ ಕುಡಿಯುವ ನೀರಿಗೆ ಮಾತ್ರ ಇರಲಿ. ಅದು ಒಂದಿಷ್ಟು ಶುದ್ಧಮಾಡಿ ಬಹಳಷ್ಟನ್ನು ಚರಂಡಿಗೆ ಬಿಡುತ್ತದೆ.

ಹೊನ್ನಾವರದ ಪೋಷಕ: ಕಾಲೇಜಿಗೆ ಸೋಲಾರ್ ಸಬ್ಸಿಡಿ ಸಿಗುತ್ತದೆಯೇ?

ತಜ್ಞೆ: 2024ರ ಪಿಎಂ ಸೂರ್ಯಘರ್ ಯೋಜನೆ ಮನೆಗಳಿಗೆ. ಕಾಲೇಜಿಗಲ್ಲ. ಚಾವಣಿ ಸೋಲಾರ್ ಜೋಡಣೆಗೆ ನಮ್ಮ ವಿದ್ಯುತ್ ಕಂಪನಿ ಹೆಸ್ಕಾಂನಲ್ಲಿ ಅರ್ಜಿ ಹಾಕಿ. ಕಡಲಗಾಳಿಗೆ ತುಕ್ಕು ಹಿಡಿಯದ ಚೌಕಟ್ಟು ಕೇಳಿ ಪಡೆಯಿರಿ.

ಅಂಕೋಲಾ ತಾಲ್ಲೂಕಿನ ವಿದ್ಯಾರ್ಥಿನಿ: ಮೇಡಂ, ನಮ್ಮ ಹಾಸ್ಟೆಲಿನ ಹಿಂದೆ ಗುಡ್ಡದ ಬುಡ ಕಡಿದು ನೆಲ ಮಟ್ಟ ಮಾಡಿದ್ದಾರೆ. ಹಸಿರು ಕ್ಯಾಂಪಸ್ ಯೋಜನೆಗೆಂದು ಭಾನುವಾರ ಎನ್ನೆಸ್ಸೆಸ್‌ನಿಂದ ಆ ಗುಡ್ಡದ ನೆತ್ತಿಯಲ್ಲಿ ಇಂಗುಗುಂಡಿ ತೋಡುತ್ತೇವೆ. ಮೇಲೆ ಚಿರೆಕಲ್ಲು, ಕಡಿದ ಜಾಗದಲ್ಲಿ ಬಿಳಿ-ಗುಲಾಬಿ ಬಣ್ಣದ ಮೆತ್ತನೆಯ ಮಣ್ಣು ಕಾಣುತ್ತದೆ. ನೆತ್ತಿಯಲ್ಲಿ ಒಂದು ಬಿರುಕು ಇದೆ. ಗುಂಡಿ ಎಷ್ಟು ಆಳ ಇರಬೇಕು?

ತಜ್ಞೆ: ಒಂದು ಗುಂಡಿಯನ್ನೂ ತೋಡಬೇಡಿ. ಈ ಉತ್ತರವನ್ನು ಈಗಲೇ ಪ್ರಾಂಶುಪಾಲರಿಗೆ ತೋರಿಸಿ.

ನೀವು ಹೇಳಿದ್ದು ಶೇಡಿಮಣ್ಣು ಇರಬೇಕು. ನಮ್ಮ ಕರಾವಳಿಯ ಎಷ್ಟೋ ಗುಡ್ಡಗಳಲ್ಲಿ ಚಿರೆಕಲ್ಲಿನ ಅಡಿಗೆ ಅದೇ ಇರುತ್ತದೆ. ಚಿರೆಕಲ್ಲಿನ ತೂತುಗಳಲ್ಲಿ ನೀರು ಸರಸರನೆ ಇಳಿಯುತ್ತದೆ. ಶೇಡಿ ಸಿಕ್ಕಿದೊಡನೆ ಮುಂದೆ ಸಾಗಲಾರದೆ ಅಲ್ಲೇ ತುಂಬಿಕೊಳ್ಳುತ್ತದೆ. ಒಣಗಿದ್ದಾಗ ಗೋಡೆಯಂತೆ ನಿಲ್ಲುವ ಆ ಮಣ್ಣು ನೀರು ಕುಡಿದರೆ ಬಲ ಕಳೆದುಕೊಳ್ಳುತ್ತದೆ. ಬುಡ ಕಡಿದಾಗಲೇ ಗುಡ್ಡದ ಆಸರೆ ಹೋಯಿತು. ನೆತ್ತಿಯ ಬಿರುಕೆಂದರೆ ಮಣ್ಣು ಈಗಾಗಲೇ ಜರುಗಲು ತೊಡಗಿರಬಹುದು. ಅಲ್ಲಿ ಇಂಗುಗುಂಡಿ ತೋಡಿದರೆ, ಜಾರಲು ಸಿದ್ಧವಾಗಿರುವ ಗುಡ್ಡದೊಳಕ್ಕೆ ನೀವೇ ನೀರು ಇಳಿಸಿದ ಹಾಗೆ. 2024ರ ಜುಲೈ 16ರಂದು ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಕುಸಿದ ಗುಡ್ಡದ ಮಣ್ಣು ಗಂಗಾವಳಿ ನದಿಯೊಳಕ್ಕೂ ಹೋಯಿತು. ಅದು ನಿಮ್ಮ ತಾಲ್ಲೂಕೇ.

ಇವಕ್ಕೆ ಉತ್ತರ ಬೇಕು: ಬಿರುಕು ಬಿಲ್ಲಿನಂತೆ ಬಾಗಿದೆಯೇ? ಮರ ಅಥವಾ ವಿದ್ಯುತ್ ಕಂಬ ವಾಲಿದೆಯೇ? ಗುಡ್ಡದ ಬುಡದಲ್ಲಿ ಹೊಸದಾಗಿ ಒರತೆ ಎದ್ದು ಕೆಸರು ನೀರು ಬರುತ್ತಿದೆಯೇ? ಹಿಂಬದಿಯ ಕೋಣೆಗಳ ಬಾಗಿಲು ಬಿಗಿಯಾಗಿದೆಯೇ? ನೋಡಲು ನೀವು ಯಾರೂ ಗುಡ್ಡ ಹತ್ತಬೇಡಿ. ಹಿಂಬದಿಯ ಕೋಣೆಗಳಲ್ಲಿ ಇಂದು ರಾತ್ರಿ ಯಾರೂ ಮಲಗಬಾರದು.

ಶಿರಸಿಯ ಕೃಷಿಕ: ಆ ಗುಡ್ಡದಲ್ಲಿ ಅಕೇಶಿಯಾ ಇದ್ದೇ ಇರುತ್ತದೆ. ಎಲ್ಲವನ್ನೂ ಕಡಿದು ಮುರುಗಲು, ಹೊನ್ನೆ, ಮತ್ತಿ ನೆಡಿ. ಅಕೇಶಿಯಾದ ಅಡಿಗೆ ಏನೂ ಸರಿಯಾಗಿ ಬೆಳೆಯುವುದಿಲ್ಲ.

ಕಾರವಾರದ ನಿವೃತ್ತ ಶಿಕ್ಷಕ: ಬೋಳು ಗುಡ್ಡಗಳು ಹಸಿರಾದದ್ದೇ ಅಕೇಶಿಯಾದಿಂದ. ಬಡವರಿಗೆ ಸೌದೆ ಸಿಕ್ಕಿತು. ಅಡಿಕೆ ತೋಟಕ್ಕೆ ಸೊಪ್ಪು ತರಲು ಸೊಪ್ಪಿನಬೆಟ್ಟ ಇರುವವರಿಗೆ ಅದು ತಿಳಿಯುವುದಿಲ್ಲ. 1983ರಲ್ಲಿ ಸಲ್ಕಣಿಯಲ್ಲಿ ಕಡಿಯಬೇಡಿ ಎಂದು ಮರ ಅಪ್ಪಿಕೊಂಡು ಅಪ್ಪಿಕೋ ಚಳವಳಿ ನಡೆಸಿದ ತಾಲ್ಲೂಕಿನವರು ಈಗ ಕಡಿಯಿರಿ ಎನ್ನುತ್ತೀರಿ!

ಶಿರಸಿಯ ಕೃಷಿಕ: ಅಪ್ಪಿಕೊಂಡದ್ದು ಸಹಜ ಕಾಡಿನ ಮರಗಳನ್ನು. ಕಾಡು ಸವರಿ ಒಂದೇ ಜಾತಿಯ ಮರ ನೆಡುವುದನ್ನು ಆ ಜನ ವಿರೋಧಿಸಿದ್ದರು. ಓದಿಕೊಂಡು ಬನ್ನಿ.

ಕಾರವಾರದ ನಿವೃತ್ತ ಶಿಕ್ಷಕ: ಮೂವತ್ತು ವರ್ಷ ಪಾಠ ಮಾಡಿದವನಿಗೆ ಓದಿಕೊಂಡು ಬಾ ಎನ್ನುತ್ತೀರಾ?

ತಜ್ಞೆ: ಇಬ್ಬರೂ ನಿಲ್ಲಿಸಿ. ಬಿರುಕು ಬಿಟ್ಟ ಗುಡ್ಡದಲ್ಲಿ ಈ ಮಳೆಗಾಲದಲ್ಲಿ ಯಾವ ಜಾತಿಯ ಮರವನ್ನೂ ಕಡಿಯಬಾರದು, ನೆಡಲೆಂದು ಅಗೆಯಲೂಬಾರದು.

ಹೊನ್ನಾವರದ ಪೋಷಕ: ಬಂದ ಸಂದೇಶ: “ಲಾವಂಚ ನೆಟ್ಟರೆ ಎಂಥ ಗುಡ್ಡವೂ ಕುಸಿಯುವುದಿಲ್ಲ. ಹತ್ತು ಜನರಿಗೆ ಕಳುಹಿಸಿ.”

ತಜ್ಞೆ: ಲಾವಂಚದ ಬೇರು ಮೇಲ್ಮಣ್ಣಿನ ಸವಕಳಿ ತಡೆಯುತ್ತದೆ. ಬೇರಿಗಿಂತ ಆಳದಲ್ಲಿ ಜಾರುವ ಗುಡ್ಡವನ್ನು ಹಿಡಿದು ನಿಲ್ಲಿಸುವುದಿಲ್ಲ. ಇದನ್ನು ನಂಬಿ ಯಾರಾದರೂ ಆ ಕೋಣೆಗಳಲ್ಲಿ ಮಲಗಿದರೆ ಯಾರು ಹೊಣೆ? ಅಳಿಸಿಹಾಕಿ.

ಭಟ್ಕಳದ ವಿದ್ಯಾರ್ಥಿ: ಕಾಲೇಜಿಗೆ ಸೋಲಾರ್ ಸಬ್ಸಿಡಿ ಇದೆಯೇ ಮೇಡಂ?

ತಜ್ಞೆ: ಮೇಲೆ ಓದಿ.

ಕುಮಟಾದ ಉಪನ್ಯಾಸಕಿ: ಪ್ಯಾಡ್ ಸುಡುವ ಯಂತ್ರದ ಬಗ್ಗೆ ಕೇಳಿದ್ದೆ.

ಅಂಕೋಲಾ ತಾಲ್ಲೂಕಿನ ವಿದ್ಯಾರ್ಥಿನಿ: ಬಿರುಕು ಬಾಗಿದೆ ಎಂದು ಮೇಲೆ ಹೋಗಿಬಂದ ಕಾವಲುಗಾರರು ಹೇಳುತ್ತಾರೆ. ಬುಡದಲ್ಲಿ ಎರಡು ಕಡೆ ಕೆಂಪು ನೀರು ಬರುತ್ತಿದೆ, ಹೋದ ವಾರ ಇರಲಿಲ್ಲ. ಆದರೆ ಕಾಲೇಜಿನ ಗುಣಮಟ್ಟ ಅಳೆಯುವ ನ್ಯಾಕ್ ತಂಡ ಬರುವುದರೊಳಗೆ ಇಂಗುಗುಂಡಿಯ ಫೋಟೊ ಬೇಕು ಎನ್ನುತ್ತಿದ್ದಾರೆ.

ತಜ್ಞೆ: ಫೋಟೊ ಬೇಕಿದ್ದರೆ, ಗುಡ್ಡದಿಂದ ದೂರ, ಸಮತಟ್ಟು ಜಾಗದಲ್ಲಿ ತೆರೆದ ಬಾವಿಯಿದ್ದರೆ ಚಾವಣಿಯ ನೀರನ್ನು ಮರಳು-ಜಲ್ಲಿಯ ಸೋಸುತೊಟ್ಟಿ ದಾಟಿಸಿ ಅದಕ್ಕೆ ಬಿಡಲಿ. ಶೌಚಗುಂಡಿ ಹತ್ತಿರವಿರುವ ಬಾವಿ ಬೇಡ. ಗುಡ್ಡದ ಮೇಲೆ ನೀರು ಇಂಗಬಾರದು. ಸಿಮೆಂಟ್ ಚರಂಡಿಯಲ್ಲಿ ಪಕ್ಕಕ್ಕೆ ಹರಿದುಹೋಗಬೇಕು. ಬಿರುಕಿಗೆ ಟಾರ್ಪಾಲಿನ್ ಹೊದಿಸುವುದೂ ಬಲ್ಲವರು ಬಂದು ಮಾಡುವ ಕೆಲಸ.

ಈಗ 1077ಕ್ಕೆ, ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಗೆ, ಕರೆ ಮಾಡಿ. ತಹಶೀಲ್ದಾರರಿಗೆ ಲಿಖಿತ ದೂರು ಕೊಡಿ. ಗಣಿ ಮತ್ತು ಭೂವಿಜ್ಞಾನ ಇಲಾಖೆಯವರು ಜಾಗ ನೋಡಬೇಕೆಂದು ಅದರಲ್ಲೇ ಬರೆಯಿರಿ. ಪ್ರಾಂಶುಪಾಲರು ಒಪ್ಪಲಿ, ಬಿಡಲಿ.

ಕಾರವಾರದ ನಿವೃತ್ತ ಶಿಕ್ಷಕ: ಅಕೇಶಿಯಾ ಬಗ್ಗೆ ನಿಮ್ಮ ಅಭಿಪ್ರಾಯ ಹೇಳಲೇ ಇಲ್ಲ.

ಶಿರಸಿಯ ಕೃಷಿಕ: ಇನ್ನೂ ಅದೇ ಹಟವೇ?

ಅಂಕೋಲಾ ತಾಲ್ಲೂಕಿನ ವಿದ್ಯಾರ್ಥಿನಿ: ಕರೆ ಮಾಡಿದೆವು. ಹಿಂದಿನ ಕೋಣೆಗಳವರನ್ನು ಮುಂಭಾಗದ ಸಭಾಂಗಣಕ್ಕೆ ಕಳುಹಿಸಿದ್ದೇವೆ.

ತಜ್ಞೆ: ಸಭಾಂಗಣದಿಂದ ಗುಡ್ಡದ ಬುಡಕ್ಕೆ ಎಷ್ಟು ದೂರ? ಗುಡ್ಡ ಎಷ್ಟು ಎತ್ತರ? ಇವೆರಡನ್ನು ಮೊದಲು ಬರೆಯಿರಿ.